ನೆಟ್‌ವರ್ಕ್‌ನಲ್ಲಿ ಬಂದ ಕಚ್ಚಾ ಪಿಕ್ಸೆಲ್‌ಗಳಿಂದ ಮೊಬೈಲಿನಲ್ಲಿ ಚಿತ್ರ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಕಂಪ್ಯೂಟರ್ ಪರದೆಯ ಪಿಕ್ಸೆಲ್‌ಗಳನ್ನು ಟಿಸಿಪಿ ಸಾಕೆಟ್ ಮೂಲಕ ಹಾಗೆಯೇ ಆಂಡ್ರಾಯ್ಡ್ ಫೋನಿಗೆ ಕಳುಹಿಸುತ್ತಿದ್ದೇನೆ. ಬೈಟ್‌ಗಳಿಂದ ಚಿತ್ರ ಮಾಡಿಕೊಡಬೇಕಾದ ಬಿಟ್‌ಮ್ಯಾಪ್‌ಫ್ಯಾಕ್ಟರಿಯ ಡಿಕೋಡ್‌ಬೈಟ್‌ಅರೇ ಫಂಕ್ಷನ್ ಪ್ರತಿ ಸಲವೂ ನಲ್ (ಅಂದರೆ ಏನೂ ಇಲ್ಲ) ಕೊಡುತ್ತಿದೆ. ಈ ಕೆಲಸ ಮಾಡಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ: ನಲ್ ಬರಲೇಬೇಕು. ಆ ಫಂಕ್ಷನ್ ಕೇಳುವುದು ಪಿಎನ್‌ಜಿ, ಜೆಪೆಗ್‌ನಂತಹ ಕಡತವನ್ನು. ನಿಮ್ಮ ಬೈಟ್‌ಗಳಲ್ಲಿ ಅಗಲ, ಎತ್ತರ ಎಲ್ಲಿಯೂ ಬರೆದಿಲ್ಲ. ಕ್ರಿಯೇಟ್‌ಬಿಟ್‌ಮ್ಯಾಪ್ ಬಳಸಿ ಎಆರ್‌ಜಿಬಿ_8888 ಬಗೆಯ ಖಾಲಿ ಬಿಟ್‌ಮ್ಯಾಪ್ ಮಾಡಿಕೊಂಡು, ಬೈಟ್‌ಬಫರ್ ಅನ್ನು ಕಾಪಿಪಿಕ್ಸೆಲ್ಸ್‌ಫ್ರಮ್‌ಬಫರ್‌ಗೆ ಕೊಡಿ.

ಹೆಸರಿನಲ್ಲಿ ‘ಎ’ ಮೊದಲಿದ್ದರೂ ಮೆಮೊರಿಯಲ್ಲಿ ಕ್ರಮ ಕೆಂಪು, ಹಸಿರು, ನೀಲಿ, ಆಲ್ಫಾ (ಪಾರದರ್ಶಕತೆ). ವಿಂಡೋಸ್‌ನಲ್ಲಿ ಸೆರೆಹಿಡಿದ ಪರದೆಯಲ್ಲಿ ಸಾಮಾನ್ಯವಾಗಿ ನೀಲಿಯೇ ಮೊದಲು. ಅದಲುಬದಲು ಮಾಡದಿದ್ದರೆ ಕೆಂಪು ಬಟನ್ ನೀಲಿಯಾಗಿ ಕಾಣುತ್ತದೆ. ನಾಲ್ಕನೆಯ ಬೈಟ್ ಸೊನ್ನೆಯಾಗಿದ್ದರೆ 255 ತುಂಬಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಓದುವ ಭಾಗಕ್ಕೆ. ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ 1280×720 ಅಳತೆಯ ಒಂದು ಫ್ರೇಮ್ (ಒಂದು ಪೂರ್ತಿ ಚಿತ್ರ) ಎಂದರೆ 36,86,400 ಬೈಟ್. ಟಿಸಿಪಿಗೆ ಫ್ರೇಮ್ ಎಂಬುದರ ಅರಿವೇ ಇಲ್ಲ. ಒಂದು ರೀಡ್‌ನಲ್ಲಿ ಸಿಕ್ಕಷ್ಟನ್ನು ಕೊಡುತ್ತದೆ. ಕೇಳಿದಷ್ಟೂ ಬೈಟ್ ಬರುವವರೆಗೆ ಕಾಯುವ ಡೇಟಾಇನ್‌ಪುಟ್‌ಸ್ಟ್ರೀಮ್‌ನ ರೀಡ್‌ಫುಲ್ಲಿ ಬಳಸಿ. ಪ್ರತಿ ಫ್ರೇಮಿನ ಮುಂದೆ ಅಗಲ, ಎತ್ತರ, ಸ್ಟ್ರೈಡ್ (ಮೆಮೊರಿಯಲ್ಲಿ ಒಂದು ಸಾಲು ಹಿಡಿಯುವ ಬೈಟ್‌ಗಳು), ಒಟ್ಟು ಬೈಟ್‌ಗಳಿರುವ ಹೆಡರ್ ಕಳುಹಿಸಿ. ಅಗಲ 1280ರ ಬದಲು 3,27,680 ಎಂದು ಬಂದರೆ ಗಾಬರಿ ಬೇಡ: ಕಳುಹಿಸುವ ಕಡೆ ಲಿಟ್ಲ್ ಎಂಡಿಯನ್ (ಸಂಖ್ಯೆಯ ಚಿಕ್ಕ ಬೆಲೆಯ ಬೈಟ್ ಮೊದಲು), ಜಾವಾ ಓದುತ್ತಿರುವುದು ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು).

ಇನ್ನೊಬ್ಬರು: ಸ್ಟ್ರೈಡ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇದನ್ನು ಹಿಡಿಯುವುದು ಕಷ್ಟ. 24 ಬಿಟ್ ಚಿತ್ರದಲ್ಲಿ 1366 ಪಿಕ್ಸೆಲ್‌ನ ಒಂದು ಸಾಲಿಗೆ 4098 ಬೈಟ್ ಸಾಕು. ಆದರೆ ವಿಂಡೋಸ್ ಸಾಲನ್ನು ನಾಲ್ಕರ ಗುಣಕಕ್ಕೆ ಏರಿಸಿ 4100 ಇಡುತ್ತದೆ. ಆ ಎರಡು ಬೈಟ್‌ಗಳನ್ನು ಬಿಡದೆ ಓದಿದರೆ ಪ್ರತಿ ಸಾಲೂ ಇನ್ನಷ್ಟು ಸರಿದು ಇಡೀ ಚಿತ್ರ ಓರೆಯಾಗುತ್ತದೆ, ಬಣ್ಣಗಳೂ ಕಲಸಿಹೋಗುತ್ತವೆ. 1280ರಲ್ಲಿ ಚೆನ್ನಾಗಿ ಓಡುವ ಕೋಡ್ 1366ರಲ್ಲಿ ಕೈಕೊಡುವುದು ಹೀಗೆ.

ಮತ್ತೊಬ್ಬರು: ಐಫೋನ್‌ಗೂ ಬೇಕಿದ್ದರೆ ಅಲ್ಲಿ ಚಿತ್ರ ಮಾಡಿಕೊಡುವ ಸಿಜಿಇಮೇಜ್ ಸ್ಟ್ರೈಡ್ ಮತ್ತು ಬೈಟ್ ಕ್ರಮ ಎರಡನ್ನೂ ನೇರವಾಗಿ ಕೇಳಿಕೊಳ್ಳುತ್ತದೆ, ಬಣ್ಣ ಬದಲಿಸುವ ಲೂಪ್ ಬೇಕಿಲ್ಲ.

ಆದರೆ 1280×720ರಲ್ಲಿ ಸೆಕೆಂಡಿಗೆ 30 ಫ್ರೇಮ್ ಎಂದರೆ 11 ಕೋಟಿ ಬೈಟ್‌ಗೂ ಹೆಚ್ಚು. ಫೋನಿನ ವೈಫೈಗೆ ಅದು ಭಾರ. ಬದಲಾದ ಭಾಗವನ್ನಷ್ಟೇ ಕಳುಹಿಸಿ. ದೂರದ ಕಂಪ್ಯೂಟರಿನ ಪರದೆ ತೋರಿಸುವ ವಿಎನ್‌ಸಿ ಬಳಸುವ ಆರ್‌ಎಫ್‌ಬಿ ಪ್ರೋಟೋಕಾಲ್ ಮಾಡುವುದು ಇದನ್ನೇ. ತನಗೆ ಬೇಕಾದ ಪಿಕ್ಸೆಲ್ ಬಗೆಯನ್ನು ಕ್ಲೈಂಟ್ ಮೊದಲೇ ಹೇಳುವ ಏರ್ಪಾಡೂ ಅದರಲ್ಲಿದೆ. ಸಾಧ್ಯವಾದರೆ ನೀವೂ ಪರಿವರ್ತನೆಯನ್ನು ಕಂಪ್ಯೂಟರ್ ಕಡೆಗೇ ಬಿಡಿ.

ಪರೀಕ್ಷೆಗೆ ನಿಜವಾದ ಪರದೆ ಬೇಡ. ಎಡ ಮೇಲ್ಮೂಲೆ ಮಾತ್ರ ಕೆಂಪಾಗಿರುವ ಬಿಳಿ ಚಿತ್ರವೊಂದನ್ನು ಕಳುಹಿಸಿ. ಮೂಲೆ ನೀಲಿಯಾದರೆ ಬಣ್ಣದ ಕ್ರಮ ತಪ್ಪಿದೆ. ಕೆಳಕ್ಕೆ ಬಂದರೆ ಸಾಲುಗಳು ಬಿಎಂಪಿ ಚಿತ್ರಕಡತದಂತೆ (ಅದರಲ್ಲಿ ಸಾಮಾನ್ಯವಾಗಿ ಕೆಳಗಿನ ಸಾಲು ಮೊದಲು) ತಲೆಕೆಳಗಾಗಿವೆ. ಅಂಚು ಓರೆಯಾದರೆ ಸ್ಟ್ರೈಡ್ ನೋಡಿ.