ಅಪ್‌ಡೇಟ್: ನೀರಿನಡಿಯ ಸಿರಿಂಜ್, ನಾಣ್ಯಗಳ ಅರ್ಥ ಕೇಳಿದ್ದೆನಲ್ಲ, ಅದರ ಬಗ್ಗೆ

ರಷ್ಯನ್ ನಿರ್ದೇಶಕ ತಾರ್ಕೋವ್‌ಸ್ಕಿಯ ‘ಸ್ಟಾಕರ್’ (1979) ಸಿನಿಮಾದಲ್ಲಿ ನೀರಿನಡಿ ಕಾಣುವ ಸಿರಿಂಜ್, ನಾಣ್ಯ, ಸ್ಪ್ರಿಂಗ್, ಬಂದೂಕು ಏನನ್ನು ಸೂಚಿಸುತ್ತವೆ ಎಂದು ಹೋದ ತಿಂಗಳು ಕೇಳಿದ್ದೆ. ನಿಮ್ಮ ಉತ್ತರ ಓದಿ, ಜಯನಗರದ ಗೆಳೆಯನ ಮನೆಯಲ್ಲಿ ಮತ್ತೆ ನೋಡಿದೆ.

ಸಿರಿಂಜ್ ಅಂದರೆ ವಿಜ್ಞಾನ, ನಾಣ್ಯ ಅಂದರೆ ದುರಾಸೆ ಎಂದು ಪಟ್ಟಿ ಮಾಡಿಟ್ಟಿದ್ದೆ. ಹರಿದು ಹಾಕಿದೆ. ‘ಝೋನ್’ (ಸಿನಿಮಾದ ಕಥೆ ನಡೆಯುವ, ಆಸೆ ಈಡೇರಿಸುವ ಕೋಣೆಯಿದೆ ಎನ್ನುವ ನಿಷೇಧಿತ ಜಾಗ) ಯಾವುದರ ಸಂಕೇತವೂ ಅಲ್ಲ ಎಂದು ನಿರ್ದೇಶಕರೇ ಬರೆದಿದ್ದಾರೆ, ಇನ್ನು ನನ್ನದೇನು!

ಆದರೆ ಒಂದು ವಸ್ತು ಸುಮ್ನೆ ಬಿದ್ದದ್ದಲ್ಲ. ನೀರಲ್ಲಿರುವ ಚಿತ್ರದ ತುಣುಕು ಬೆಲ್ಜಿಯಂನ ಗೆಂಟ್ ಊರಿನ ಚರ್ಚಿಗಾಗಿ ವಾನ್ ಐಕ್ ಸೋದರರು ಬರೆದ ಚಿತ್ರದ್ದು (1432). ಅದರಲ್ಲಿರುವುದು ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕನಾದ ಯೋಹಾನ. ಆಗಲೇ ಹೆಣ್ಣುದನಿಯೊಂದು ಲೋಕದ ಕೊನೆಯನ್ನು ಹೇಳುವ, ಬೈಬಲಿನ ಕಡೆಯ ಪುಸ್ತಕವಾದ ‘ಪ್ರಕಟನೆ’ಯಿಂದ ಸೂರ್ಯ ಕಪ್ಪಾಗುವ ಭಾಗ ಓದುತ್ತದೆ. ಎರಡನ್ನೂ ಒಟ್ಟಿಗೆ ಕೇಳಿ ನೋಡಿದಾಗ, ಲೋಕ ಮುಗಿದ ಮೇಲೆ ಉಳಿದ ಮನೆಸಾಮಾನು ಅನಿಸಿತು. ಬಿಡಿಬಿಡಿಯಾಗಿ ಅರ್ಥ ಹುಡುಕಿದ್ದೇ ತಪ್ಪಾಯಿತು, ಅಲ್ವಾ?

ಭಾನುವಾರ ಮಲ್ಲೇಶ್ವರದ ನಂದಿ ತೀರ್ಥಕ್ಕೆ ಹೋಗಿದ್ದೆ. ಕಲ್ಯಾಣಿಯ ನೀರಲ್ಲಿ ಒಂದೆರಡು ನಾಣ್ಯ ಕಂಡವು. ಯಾರೋ ಏನೋ ಬೇಡಿಕೊಂಡು ಹಾಕಿದ್ದು. ಅಷ್ಟು ಸಾಕಾಯಿತು.

ಆ ಸ್ಪ್ರಿಂಗ್ ಮಾತ್ರ ಇನ್ನೂ ಬಗೆಹರಿದಿಲ್ಲ.