ಮರದಲ್ಲಿ ಚೆನ್ನಾಗಿದ್ದದ್ದು ಕಂಚಿನಲ್ಲಿ ಯಾಕೆ ಸಪ್ಪೆ? ಬ್ರಾಂಕುಸಿ ಬಲ್ಲವರು ಹೇಳಿ

ಪ್ರಶ್ನೆ:
ಎಂಟು ವರ್ಷದಿಂದ ಮರ ಕೆತ್ತುತ್ತಿದ್ದೇನೆ. ಕಾಲು ಮಡಚಿ ಮಲಗಿದ ಒಂದು ಕರು ಮಾಡಿದ್ದೆ. ಅದನ್ನೇ ಮೊದಲ ಸಲ ಕಂಚಿನಲ್ಲಿ ಎರಕ ಹೊಯ್ಯಿಸಿದೆ. ಅಳತೆ ಎಲ್ಲ ಸರಿ ಇದೆ. ಆದರೆ ನೋಡಿದರೆ ಬರೀ ಉಂಡೆ. ಶಿಲ್ಪಿ ಬ್ರಾಂಕುಸಿ ಮರ, ಲೋಹ ಎರಡನ್ನೂ ಹೇಗೆ ಪಳಗಿಸಿಕೊಂಡರು? ಎರಡೂ ಮಾಡಿ ನೋಡಿದವರು ಸ್ವಲ್ಪ ತಿಳಿಸಿ.

ಉತ್ತರ 1:
ಬ್ರಾಂಕುಸಿ ಕೈ ಪಳಗಿದ್ದು ಮರದಲ್ಲಿ. 1876ರಲ್ಲಿ ರೊಮೇನಿಯಾದ ಹೊಬಿತ್ಸಾ ಹಳ್ಳಿಯಲ್ಲಿ ಹುಟ್ಟಿದರು. ಆ ಕಡೆ ಮನೆಯ ಕಂಬ, ಗೇಟು ಎಲ್ಲ ಕೆತ್ತಿದ ಮರದವೇ. ಕ್ರಾಯೋವಾದ ಕರಕುಶಲ ಶಾಲೆಯಲ್ಲಿ ಓದಿ, 1904ರಲ್ಲಿ ಪ್ಯಾರಿಸ್ ಸೇರಿದರು. 1907ರಲ್ಲಿ ಹೆಸರಾಂತ ಶಿಲ್ಪಿ ರೋಡಾನ್ ಬಳಿ ಕೆಲಸ ಸಿಕ್ಕಿತ್ತು, ಬೇಗನೆ ಬಿಟ್ಟರು. ದೊಡ್ಡ ಮರದ ಕೆಳಗೆ ಏನೂ ಬೆಳೆಯಲ್ಲ ಅಂತ. ಅಲ್ಲಿ ಗುರು ಮಣ್ಣಿನಲ್ಲಿ ಮಾಡಿದ್ದನ್ನು ಸಹಾಯಕರು ಕಲ್ಲಿಗೆ ಇಳಿಸುತ್ತಿದ್ದರು. ಇವರು ತಾವೇ ಉಳಿ ಹಿಡಿದರು.

ಉತ್ತರ 2:
ನಾನು ಎರಡೂ ಮಾಡುತ್ತೇನೆ. ನಿಮ್ಮ ಕರು ಯಾಕೆ ಹಾಗಾಯಿತು ಅಂತ ಊಹಿಸಬಲ್ಲೆ. ಮರದಲ್ಲಿ ಅರ್ಧ ಕೆಲಸ ಎಳೆಗಳು ಮಾಡಿರುತ್ತವೆ. ಬೆನ್ನು ಬಾಗಿದ ಕಡೆ ಎಳೆಯೂ ಬಾಗುತ್ತದೆ, ಕಣ್ಣು ಅದರ ಹಿಂದೆ ಹೋಗುತ್ತದೆ. ಕಂಚಿಗೆ ಎಳೆ ಇಲ್ಲ. ಮೇಲಾಗಿ ಆರುವಾಗ ನೂರಕ್ಕೆ ಒಂದೂವರೆ, ಎರಡರಷ್ಟು ಕುಗ್ಗುತ್ತದೆ, ಅಂಚುಗಳು ಮೊಂಡಾಗುತ್ತವೆ. ಅಚ್ಚಿನಿಂದ ಹೊರಬಂದದ್ದು ಮುಗಿದ ಶಿಲ್ಪವಲ್ಲ. ಅದು ಇನ್ನೊಂದು ಕಚ್ಚಾ ಮರದ ದಿಮ್ಮಿ ಅಂದುಕೊಳ್ಳಿ.

ಬ್ರಾಂಕುಸಿ ಹಾಗೇ ನೋಡಿದರು. ಎರಕ ಬಂದ ಮೇಲೆ ಅರ ಹಿಡಿದು ಮತ್ತೆ ಶುರು ಮಾಡುತ್ತಿದ್ದರು. ಹಾಗಾಗಿ ಅವರ ಕಂಚಿನ ಹಕ್ಕಿಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಕನ್ನಡಿಯ ಹಾಗೆ ಹೊಳೆಯುವ ಕಂಚಿನ ಕೆಳಗೆ ಅವರು ಒರಟು ಓಕ್ ಪೀಠ ಇಡುತ್ತಿದ್ದರು. ಗರಗಸದ ಗುರುತು, ಬಿರುಕು ಎಲ್ಲ ಹಾಗೇ. ಅದನ್ನೂ ತಾವೇ ಕೆತ್ತುತ್ತಿದ್ದರು. ಆ ಒರಟಿನ ಪಕ್ಕದಲ್ಲೇ ಹೊಳಪಿಗೆ ಬೆಲೆ ಬರೋದು.

ಪ್ರಶ್ನೆ ಕೇಳಿದವರು:
ಪಾಲಿಶ್ ಮಾಡಲು ಹೊರಗೆ ಕೊಟ್ಟಿದ್ದೆ. ಅದೇ ತಪ್ಪಾಯಿತಾ?

ಉತ್ತರ 2:
ಹೌದು ಅನಿಸುತ್ತದೆ. ಇದು ಕೋರ್ಟಿಗೂ ಹೋದ ಪ್ರಶ್ನೆ. 1926ರಲ್ಲಿ ಬ್ರಾಂಕುಸಿಯ ಕಂಚಿನ ಶಿಲ್ಪ 'ಬರ್ಡ್ ಇನ್ ಸ್ಪೇಸ್' ನ್ಯೂಯಾರ್ಕ್ ತಲುಪಿದಾಗ ಕಸ್ಟಮ್ಸ್‌ನವರು ಅದನ್ನು ಕಲೆ ಅಂತ ಒಪ್ಪಲಿಲ್ಲ. ಲೋಹದ ಸಾಮಾನು ಅಂತ ನೂರಕ್ಕೆ 40ರಷ್ಟು ಸುಂಕ ಹಾಕಿದರು. ಒಬ್ಬ ಮೆಕ್ಯಾನಿಕ್ ಇದನ್ನು ಮಾಡಲಾರನೇ ಅಂತ ವಿಚಾರಣೆಯಲ್ಲಿ ಕೇಳಿದರು. ಪಾಲಿಶ್ ಮಾಡಬಹುದು, ಆ ರೂಪ ಅವನಿಗೆ ಹೊಳೆಯಲ್ಲ ಅಂತ ಶಿಲ್ಪಿ ಜೇಕಬ್ ಎಪ್‌ಸ್ಟೀನ್ ಉತ್ತರ ಕೊಟ್ಟರು. 1928ರಲ್ಲಿ ತೀರ್ಪು ಬ್ರಾಂಕುಸಿ ಪರ ಬಂತು.

ಎಪ್‌ಸ್ಟೀನ್‌ಗಿಂತ ನಾನು ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಪಾಲಿಶ್ ಮಾಡುವಾಗಲೇ ರೂಪ ಸಿಗೋದು. ಕತ್ತಲ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟ್ ಹಚ್ಚಿ. ಅದರ ಬೆಳಕಿನ ಗೆರೆ ಕಂಚಿನ ಮೇಲೆ ಬೀಳುವ ಹಾಗೆ ಹಿಡಿದು, ಕರುವನ್ನು ನಿಧಾನ ತಿರುಗಿಸಿ. ಗೆರೆ ನೀರಿನ ಹಾಗೆ ಹರಿದರೆ ಸರಿ. ನಡುಗಿದರೆ, ತುಂಡಾದರೆ ಅಲ್ಲಿ ತಗ್ಗಿದೆ. ಮರದಲ್ಲಿ ಅಂಗೈ ಸವರಿ ತಿಳಿಯುವುದನ್ನು ಇಲ್ಲಿ ಬೆಳಕು ತೋರಿಸುತ್ತದೆ. ತಗ್ಗಿನ ಸುತ್ತ ಅರ ಹಾಕಿ, ಆಮೇಲೆ ಎಮರಿ ಪೇಪರ್.

ಉತ್ತರ 3:
ಬ್ರಾಂಕುಸಿಯ ಕಂಬದಂಥ ಶಿಲ್ಪ 'ಎಂಡ್‌ಲೆಸ್ ಕಾಲಮ್' ಫೋಟೋಗಳನ್ನೂ ನೋಡಿ. 1918ರದ್ದು ಓಕ್ ಮರ, ಸುಮಾರು ಎರಡು ಮೀಟರ್. 1938ರಲ್ಲಿ ರೊಮೇನಿಯಾದ ತಿರ್ಗು ಜಿಯುವಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ, ಅದೇ ರೂಪ 29 ಮೀಟರ್ ಮೇಲೆದ್ದಿತು. ಅಚ್ಚಿನ ಮಾದರಿಯನ್ನು ಅವರೇ ಮರದಲ್ಲಿ ಕೆತ್ತಿದರು. ಎರಕದ ಕಬ್ಬಿಣದ ತುಂಡುಗಳನ್ನು ಉಕ್ಕಿನ ಕಂಬಕ್ಕೆ ಮಣಿ ಪೋಣಿಸಿದ ಹಾಗೆ ಇಳಿಸಿದರು.

ಪ್ರಶ್ನೆ ಕೇಳಿದವರು:
ಈಗ ಬೆಳಕು ಹಿಡಿದು ನೋಡಿದೆ. ಎಡ ಭುಜದ ಹಿಂದೆ ಗೆರೆ ತುಂಡಾಯಿತು. ಮರದ ಕರುವಿಗೆ ಅದೇ ಜಾಗದಲ್ಲಿ ಒಂದು ಗಂಟಿದೆ. ಗಂಟಿನ ಬಣ್ಣ ಆ ತಗ್ಗನ್ನು ಇಷ್ಟು ದಿನ ಮುಚ್ಚಿತ್ತು. ಅರ ತಗೊಂಡು ಕೂತಿದ್ದೇನೆ.