ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆಯುವುದು ಹೇಗೆ? ಅನುಭವವಿದ್ದವರು ತಿಳಿಸಿ

ಹೊಸ ಅಂಗಡಿ: ನಮ್ಮ ಆನ್‌ಲೈನ್ ಮಳಿಗೆಯ ಗ್ರಾಹಕರಿಗಾಗಿ ಏಜೆಂಟ್ ಒಂದನ್ನು, ಅಂದರೆ ಎಐ ಭಾಷಾ ಮಾಡೆಲ್ ತಾನೇ ಟೂಲ್‌ಗಳನ್ನು (ಪ್ರೋಗ್ರಾಂ ಕಾರ್ಯಗಳನ್ನು) ಕರೆದು ಕೆಲಸ ಮಾಡುವ ವ್ಯವಸ್ಥೆಯನ್ನು, ಕಟ್ಟುತ್ತಿದ್ದೇವೆ. ಪ್ರತಿ ಟೂಲ್‌ನ ವಿವರಣೆ ಓದಿಯೇ ಮಾಡೆಲ್ ಆಯ್ಕೆ ಮಾಡುತ್ತದೆ. ‘ಸರ್ಚ್_ಆರ್ಡರ್ಸ್’ ಮತ್ತು ‘ಗೆಟ್_ಆರ್ಡರ್’ ಎಂಬ ಎರಡು ಟೂಲ್‌ಗಳಲ್ಲಿ ಯಾವುದನ್ನು ಕರೆಯಬೇಕೆಂಬುದು ಮಾಡೆಲ್‌ಗೆ ತಿಳಿಯುತ್ತಿಲ್ಲ. ಗ್ರಾಹಕರು ಫೋನ್ ನಂಬರ್ ಕೊಟ್ಟರೆ ಅದನ್ನೇ ಆರ್ಡರ್ ಸಂಖ್ಯೆಯೆಂದು ಭಾವಿಸಿ ಎರಡನೆಯದನ್ನು ಕರೆಯುತ್ತದೆ. ವಿವರಣೆ ಒಂದೇ ಸಾಲಿನದಾಗಿರಬೇಕೇ, ವಿಸ್ತಾರವಾಗಿರಬೇಕೇ?

ಶರಾವತಿ ತೀರ: ವಿಸ್ತಾರವಾಗಿಯೇ ಬರೆಯಿರಿ. ನಾನು ಕೆಲಸಕ್ಕೆ ಸೇರಿದಾಗ ಅಲ್ಲಿನ ರಿಫಂಡ್ ಟೂಲ್‌ನ ವಿವರಣೆ ‘ಹಣ ಮರುಪಾವತಿ ಮಾಡುತ್ತದೆ’ ಎಂದಷ್ಟೇ ಇತ್ತು, ಮೊತ್ತದ ಮುಂದೆ ‘ಮೊತ್ತ’ ಎಂದು ಬರೆದಿತ್ತು. ಪೇಮೆಂಟ್ ಗೇಟ್‌ವೇ ಲೆಕ್ಕ ಹಿಡಿಯುವುದು ಪೈಸೆಯಲ್ಲಿ. 450 ರೂಪಾಯಿ ಬರಬೇಕಾದ ಗ್ರಾಹಕರಿಗಾಗಿ ಏಜೆಂಟ್ 450 ಎಂದು ಕಳುಹಿಸಿತು, ಅವರ ಖಾತೆಗೆ ನಾಲ್ಕೂವರೆ ರೂಪಾಯಿ ಜಮೆಯಾಯಿತು. ಗೇಟ್‌ವೇ ‘ಯಶಸ್ವಿ’ ಎಂದುತ್ತರಿಸಿದ್ದರಿಂದ ಏಜೆಂಟ್ ‘ನಿಮ್ಮ 450 ರೂಪಾಯಿ ಮರಳಿಸಲಾಗಿದೆ’ ಎಂದು ವಿನಯದಿಂದಲೇ ತಿಳಿಸಿತು. ದೂರುಗಳು ಬಂದ ಮೇಲೆ ಪ್ರತಿಯೊಂದು ವಹಿವಾಟನ್ನೂ ಬ್ಯಾಂಕ್ ಸ್ಟೇಟ್‌ಮೆಂಟಿನೊಂದಿಗೆ ತಾಳೆ ನೋಡಿ, ಬಾಕಿ 445 ರೂಪಾಯಿ 50 ಪೈಸೆಯಂಥ ಮೊತ್ತಗಳನ್ನು ಒಂದೊಂದಾಗಿ ಕಳುಹಿಸಿದವರು ನಾವು, ವಿವರಣೆ ಬರೆದವರಲ್ಲ. ಈಗ ಅಲ್ಲಿ ಹೀಗಿದೆ: ‘ಮೊತ್ತ ಪೈಸೆಯಲ್ಲಿ, ಪೂರ್ಣಾಂಕ, 450 ರೂಪಾಯಿಗೆ 45000. ಸರಕು ಇನ್ನೂ ರವಾನೆಯಾಗಿರದಿದ್ದರೆ ಇದನ್ನು ಬಳಸಬೇಡ, ಕ್ಯಾನ್ಸಲ್_ಆರ್ಡರ್ ಬಳಸು.’ ಯಾವಾಗ ಬಳಸಬಾರದೆಂಬ ಆ ಎರಡನೆಯ ವಾಕ್ಯವನ್ನು ಬರೆಯುವವರೇ ಕಡಿಮೆ.

ಧಾರವಾಡದವ: ಶರಾವತಿಯವರೇ, ವಿಸ್ತಾರದ ಬಿಲ್ ಯಾರು ಕಟ್ಟುತ್ತಾರೆ? ಟೂಲ್‌ಗಳ ವಿವರಣೆಯೆಲ್ಲವೂ ಪ್ರತಿ ವಿನಂತಿಯೊಂದಿಗೆ ಇನ್‌ಪುಟ್ ಟೋಕನ್‌ಗಳಾಗಿ (ಮಾಡೆಲ್ ಓದುವ, ಬಿಲ್ ಲೆಕ್ಕಕ್ಕೆ ಬರುವ ಪಠ್ಯದ ತುಣುಕುಗಳಾಗಿ) ಹೋಗುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಬ ಎಐ ಸಂಸ್ಥೆಯು ಎಂಸಿಪಿಯನ್ನು (ಹೊರಗಿನ ಸರ್ವರ್‌ಗಳ ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸುವ ಮಾನದಂಡವನ್ನು) ಪ್ರಕಟಿಸಿದ ಮೇಲೆ ನಮ್ಮಲ್ಲಿ ಕಂಡಕಂಡ ಸರ್ವರ್‌ಗಳನ್ನೆಲ್ಲ ಜೋಡಿಸಿದರು. ಬಳಕೆದಾರರು ‘ನಮಸ್ಕಾರ’ ಎನ್ನುವ ಮೊದಲೇ ಯಾರೂ ಕರೆಯದ ಟೂಲ್‌ಗಳ ಪುರಾಣ ಕಾಂಟೆಕ್ಸ್ಟ್‌ನಲ್ಲಿ (ಮಾಡೆಲ್ ಒಮ್ಮೆಗೆ ಓದಬಲ್ಲ ಪಠ್ಯದ ಜಾಗದಲ್ಲಿ) ತುಂಬಿರುತ್ತಿತ್ತು. ಸಾಲದೆಂಬಂತೆ ಒಬ್ಬರು ವಿವರಣೆಗಳನ್ನು ಕನ್ನಡದಲ್ಲಿ ಬರೆಸಿದರು, ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ತಗಲಿತು. ನಾನು ಅರ್ಧಕ್ಕೂ ಹೆಚ್ಚು ಟೂಲ್‌ಗಳನ್ನು ತೆಗೆದುಹಾಕಿದೆ, ಒಂದೇ ಕೆಲಸದವನ್ನು ಕೂಡಿಸಿದೆ. ಗೊಂದಲವೂ ಇಳಿಯಿತು, ಬಿಲ್ಲೂ ಇಳಿಯಿತು.

ಶರಾವತಿ ತೀರ: ಪ್ರಾಂಪ್ಟ್ ಕ್ಯಾಶಿಂಗ್ ಎಂಬುದೊಂದಿದೆ, ಮತ್ತೆ ಮತ್ತೆ ಹೋಗುವ ಪಠ್ಯವನ್ನು ಉಳಿಸಿಟ್ಟು ಮರುಬಳಸುವುದು. ವಿವರಣೆ ಬದಲಾಗದಿದ್ದರೆ ಪ್ರತಿ ಸಲವೂ ಪೂರ್ತಿ ದರ ಬೀಳುವುದಿಲ್ಲ.

ಧಾರವಾಡದವ: ದರ ಇಳಿಯುತ್ತದೆ, ಕಾಂಟೆಕ್ಸ್ಟ್‌ನಲ್ಲಿ ಆಕ್ರಮಿಸಿದ ಜಾಗ ಮರಳಿ ಬರುವುದಿಲ್ಲ. ಎರಡನ್ನೂ ಬೆರೆಸಬೇಡಿ.

ಟೆಸ್ಟಿಂಗ್ ವಿಭಾಗ: ನೀವಿಬ್ಬರೂ ಅಳೆಯದೆ ವಾದಿಸುತ್ತಿದ್ದೀರಿ. ನಮ್ಮ ಡೆಲಿವರಿ ಟೂಲ್‌ಗೆ 03-04-2025 ಎಂದು ಕೊಟ್ಟರೆ ಅದು ಏಪ್ರಿಲ್ 3 ಬಿಟ್ಟು ಮಾರ್ಚ್ 4ರ ಪಟ್ಟಿ ತರುತ್ತಿತ್ತು. ದಿನ 12ಕ್ಕಿಂತ ಹೆಚ್ಚಾದರೆ ಅದನ್ನೂ ತಿಂಗಳೆಂದು ಓದಿ ‘ಅಮಾನ್ಯ’ ಎಂಬ ಒಂದೇ ಪದ ಕೊಡುತ್ತಿತ್ತು; ಏಜೆಂಟ್ ಅದೇ ದಿನಾಂಕವನ್ನು ಮತ್ತೆ ಮತ್ತೆ ಕಳುಹಿಸಿ ಟೋಕನ್ ಸುಡುತ್ತಿತ್ತು. ಈಗ ದೋಷ ಸಂದೇಶವೇ ‘ವರ್ಷ-ತಿಂಗಳು-ದಿನ ಕ್ರಮದಲ್ಲಿ ಕೊಡು, ಉದಾಹರಣೆಗೆ 2025-04-03’ ಎಂದು ಹೇಳುತ್ತದೆ. ದೋಷ ಸಂದೇಶವೂ ವಿವರಣೆಯ ಭಾಗವೇ. ಅದಕ್ಕಿಂತ ಒಳ್ಳೆಯದು, ತಪ್ಪಲು ಅವಕಾಶವೇ ಇಲ್ಲದಂತೆ ಟೂಲನ್ನು ರೂಪಿಸುವುದು. ಎಸ್‌ಡಬ್ಲ್ಯುಇ-ಬೆಂಚ್ ಎಂಬ ಕೋಡಿಂಗ್ ಪರೀಕ್ಷೆಗಾಗಿ ಕಟ್ಟಿದ ಏಜೆಂಟ್ ಮೂಲ ಡೈರೆಕ್ಟರಿಯಿಂದ ಹೊರಬಂದ ಮೇಲೆ ಸಾಪೇಕ್ಷ ಫೈಲ್ ದಾರಿಗಳಲ್ಲಿ (ಆಗ ಇರುವ ಡೈರೆಕ್ಟರಿಯಿಂದ ಎಣಿಸುವ ವಿಳಾಸಗಳಲ್ಲಿ) ಎಡವುತ್ತಿತ್ತೆಂದೂ, ಪೂರ್ಣ ದಾರಿಯನ್ನೇ ಕಡ್ಡಾಯ ಮಾಡಿದಾಗ ಸರಿಹೋಯಿತೆಂದೂ ಆಂಥ್ರೊಪಿಕ್‌ನವರೇ 2024ರ ಡಿಸೆಂಬರ್‌ನಲ್ಲಿ ಬರೆದಿದ್ದಾರೆ. ಆರ್ಡರ್‌ನ ಸ್ಥಿತಿಯನ್ನು ತೆರೆದ ಪಠ್ಯವಾಗಿ ಬಿಟ್ಟು ನಾಲ್ಕು ಸಾಲು ವಿವರಿಸುವ ಬದಲು ಎನಮ್ ಪಟ್ಟಿ, ಅಂದರೆ ಆಯ್ದುಕೊಳ್ಳಬಹುದಾದ ಮೌಲ್ಯಗಳ ನಿಗದಿತ ಪಟ್ಟಿ, ಕೊಡಿ.

ಕಾವಲುಗಾರ: ಭದ್ರತೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಹೊರಗಿನವರ ಸರ್ವರ್ ಜೋಡಿಸಿದರೆ ಅವರ ವಿವರಣೆಯನ್ನು ನಿಮ್ಮ ಮಾಡೆಲ್ ಆದೇಶದಂತೆಯೇ ಓದುತ್ತದೆ. ಅದರೊಳಗೆ ಗುಪ್ತ ಸೂಚನೆ ತುರುಕುವ ‘ಟೂಲ್ ಪಾಯ್ಸನಿಂಗ್’ ದಾಳಿಯನ್ನು 2025ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ‘ಇದು ಅಳಿಸುವ ಟೂಲ್’ ಎಂಬಂಥ ಗುರುತುಗಳನ್ನು ನಂಬಿಕಸ್ಥ ಸರ್ವರ್‌ನಿಂದ ಬಂದ ಹೊರತು ನಂಬಬಾರದೆಂದು ಎಂಸಿಪಿ ನಿಯಮಾವಳಿಯೇ ಹೇಳುತ್ತದೆ. ಶರಾವತಿಯವರ ‘ಬಳಸಬೇಡ’ ಎಂಬ ವಾಕ್ಯವೂ ಬೀಗವೇನಲ್ಲ.

ಶರಾವತಿ ತೀರ: ಬೀಗವೆಂದು ನಾನು ಎಲ್ಲಿ ಹೇಳಿದೆ? ರವಾನೆಯಾಗದ ಆರ್ಡರ್‌ಗೆ ರಿಫಂಡ್ ಹೋಗದಂತೆ ನಮ್ಮ ಸರ್ವರ್‌ನಲ್ಲಿಯೇ ತಡೆಯಿದೆ. ಆ ವಾಕ್ಯವಿಲ್ಲದಿದ್ದಾಗ ಏಜೆಂಟ್ ತಡೆಗೆ ಬಡಿದು ‘ರಿಫಂಡ್ ಸಾಧ್ಯವಿಲ್ಲ’ ಎಂದು ಗ್ರಾಹಕರನ್ನು ಹಿಂದಕ್ಕೆ ಕಳುಹಿಸುತ್ತಿತ್ತು. ಈಗ ಆರ್ಡರ್ ರದ್ದು ಮಾಡಿಕೊಡುತ್ತದೆ.

ಹೊಸ ಅಂಗಡಿ: ಎಲ್ಲರಿಗೂ ವಂದನೆ. ಧಾರವಾಡದವರೇ, ನನ್ನ ಎರಡು ಟೂಲ್‌ಗಳನ್ನೂ ಕೂಡಿಸಿಬಿಡಲೇ?

ಧಾರವಾಡದವ: ಕೂಡಿಸಿ. ಫೋನ್ ನಂಬರ್, ಆರ್ಡರ್ ಸಂಖ್ಯೆ ಎರಡಕ್ಕೂ ಪ್ರತ್ಯೇಕ ಪ್ಯಾರಾಮೀಟರ್ (ಟೂಲ್‌ಗೆ ಮೌಲ್ಯ ಕೊಡುವ ಜಾಗ) ಇರಲಿ.

ಟೆಸ್ಟಿಂಗ್ ವಿಭಾಗ: ಕೂಡಿಸುವ ಮೊದಲು ಗ್ರಾಹಕರ ನಿಜವಾದ ಪ್ರಶ್ನೆಗಳನ್ನು ಎರಡೂ ವಿನ್ಯಾಸಗಳ ಮೇಲೆ ಓಡಿಸಿ ನೋಡಿ. ಧಾರವಾಡದವರ ಬಿಲ್ ಇಳಿದಿರುವುದು ನಿಜವಿರಬಹುದು, ಆದರೆ ಗೊಂದಲ ಇಳಿಯಿತೆಂಬುದಕ್ಕೆ ಅವರು ಇನ್ನೂ ಒಂದು ಅಂಕಿಯನ್ನೂ ಕೊಟ್ಟಿಲ್ಲ.